ಎಂಟು ಕೈಯ ಚಿಕ್ಕಮ್ಮ

ಯಾರಿಗೂ ಹೇಳಿಕೊಳ್ಳದ ಒಂದು ಸಣ್ಣ ಚಿಂತೆ ನನಗಿತ್ತು. ನಾಲ್ಕು ಜನ ಕೂತಲ್ಲಿ ನನ್ನ ಬಾಯಿಂದ ಮಾತು ಹೊರಡುವುದಿಲ್ಲ. ಡಿಗ್ರಿ ಮುಗಿಸಿ ಪೋಸ್ಟರ್ ಅಂಗಡಿಯ ಕಂಪ್ಯೂಟರ್ ಮುಂದೆ ಕೂತ ಮೇಲಂತೂ 'ಸರಿ ಸರ್' ಎನ್ನುವುದೊಂದೇ ಉಳಿದಿತ್ತು. ಹೇಳಬೇಕಾದದ್ದು ಗಂಟಲವರೆಗೆ ಬರುತ್ತದೆ, ಅಲ್ಲೇ ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೊಂಡು ವಾಪಸು ಹೋಗುತ್ತದೆ. ಹೀಗೇ ಆದರೆ, ನಿಜಕ್ಕೂ ಬೇಕಾದ ದಿನವೂ ದನಿ ಬರದೆ ಹೋದರೆ ಎಂದು ಒಳಗೊಳಗೇ ಹೆದರುತ್ತಿದ್ದೆ.

ಅಂಥ ಹೊತ್ತಿನಲ್ಲಿ ಚಿಕ್ಕಮ್ಮ ವಾರ್ಡ್ ಚುನಾವಣೆಗೆ ನಿಂತಳು.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಬಸ್ ಕಂಡಕ್ಟರ್ ಆಗಿದ್ದವಳು. ಹಿಂದಿನ ಬಾಗಿಲಲ್ಲಿ ನಿಂತು "ಮುಂದೆ ಸರೀರಿ, ಒಳಗೆ ಮೈದಾನದಷ್ಟು ಜಾಗ ಇದೆ" ಎಂದು ಕೂಗಿದರೆ ಡ್ರೈವರ್ ಕೂಡ ತನ್ನ ಸೀಟಿನಲ್ಲಿ ಒಂಚೂರು ಮುಂದೆ ಸರಿಯುತ್ತಿದ್ದನಂತೆ. ಆ ಕೆಲಸ ಬಿಟ್ಟು ಅವಳು ಚುನಾವಣೆಗೆ ಇಳಿದದ್ದಕ್ಕೆ ಕಾರಣ ಒಂದೇ, ಸಂಜೆಯ ಬಸ್. ಬಟ್ಟೆ ಕಾರ್ಖಾನೆ ಬಿಡುವ ಹೊತ್ತಿಗೆ ಬರುತ್ತಿದ್ದ ಬಸ್ಸನ್ನು ನಿಲ್ಲಿಸಿಬಿಟ್ಟಿದ್ದರು. ಅಲ್ಲಿ ಹೊಲಿಗೆ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ದೀಪವಿಲ್ಲದ ಗೋದಾಮಿನ ರಸ್ತೆಯಲ್ಲಿ ನಡೆದೇ ಮನೆ ಸೇರಬೇಕು. ನನ್ನ ಅಮ್ಮನೂ ಅವರಲ್ಲೊಬ್ಬಳು. ಒಂದು ಸಂಜೆ ಯಾರೋ ಬೈಕಿನವನು ಗೋದಾಮು ದಾಟುವವರೆಗೂ ಅವಳ ಹಿಂದೆಯೇ ನಿಧಾನಕ್ಕೆ ಬಂದನಂತೆ. ಅಮ್ಮ ಅದನ್ನು ಹೇಳಿದ್ದು ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ. ಅಂದಿನಿಂದ ಕತ್ತಲಾಗುತ್ತಿದ್ದಂತೆ ನಾನು ಒಳಗೂ ಬಾಗಿಲಿಗೂ ಓಡಾಡುತ್ತೇನೆ. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದಾಗುವತನಕ ಜೀವ ಕೈಯಲ್ಲಿ.

ಪೋಸ್ಟರಿನ ಹೊಣೆ ಹೊತ್ತವನು ಚಿಕ್ಕಪ್ಪ. ಮನೆಮಗಳು ಇರುವ ಅಂಗಡಿ ಎಂದು ನಮ್ಮಲ್ಲಿಗೇ ಬಂದ.

ನಮ್ಮ ಅಂಗಡಿಯ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಚುನಾವಣೆಯ ಗಡಿಬಿಡಿಯಲ್ಲಿ ಒಬ್ಬೊಬ್ಬರಿಗೂ ಹೊಸ ಚಿತ್ರ ಮಾಡುತ್ತಾ ಕೂರಲಾಗುವುದಿಲ್ಲ. ಕಂಪ್ಯೂಟರಿನಲ್ಲಿ ಸಿದ್ಧ ಮೈಗಳಿರುತ್ತವೆ. ಬಂದವರ ತಲೆ ಕತ್ತರಿಸಿ ಕೂರಿಸಿದರೆ ಮುಗಿಯಿತು. ಗಂಡಸರಿಗೆ ಬಗೆಬಗೆಯ ಮೈ. ಫೋನಿನಲ್ಲಿ ಮಾತಾಡುತ್ತಿರುವುದು, ಕಡತ ಓದುತ್ತಿರುವುದು, ತೋಳು ಕಟ್ಟಿ ರಸ್ತೆ ಕಾಮಗಾರಿ ನೋಡುತ್ತಿರುವುದು. ಹೆಂಗಸರಿಗೆ ಮಾತ್ರ ಎರಡೇ: ಮಗು ಎತ್ತಿಕೊಂಡ ತಾಯಿ, ಇಲ್ಲವೇ ಸಿಂಹದ ಮೇಲೆ ಕೂತ ಎಂಟು ಕೈಯ ದೇವಿ. ಎರಡೇ ಯಾಕೆ ಎಂದು ಯಾರೂ ಕೇಳಿರಲಿಲ್ಲ. ನಾನಂತೂ ಬಿಡಿ.

ಚಿಕ್ಕಪ್ಪ ದೇವಿಯನ್ನು ಆರಿಸಿದ. ಜನ ದೂರದಿಂದಲೇ ನೋಡಿ ತಲೆಬಾಗಬೇಕು, ಎದುರಾಳಿಗೆ ಎದೆ ನಡುಗಬೇಕು ಎಂದ. ಅಂಗಡಿಯ ಯಜಮಾನರು ಹೂಂಗುಟ್ಟಿದರು. ನಾನು ಕುರ್ಚಿಯಲ್ಲೇ ಹಿಂದೆ ತಿರುಗಿ ನೋಡಿದೆ. ಚಿಕ್ಕಮ್ಮನ ಎದುರು ನಿಂತಿದ್ದವರು ಶಾಲೆಯಿಂದ ನಿವೃತ್ತರಾದ ಟೀಚರಮ್ಮ. ಅವರ ಮಗ ಹಿಂದಿನ ದಿನವಷ್ಟೇ ಬಂದು ಅದೇ ಸಿಂಹ, ಅದೇ ಎಂಟು ಕೈಗೆ ಒಪ್ಪಿಗೆ ಕೊಟ್ಟು ಹೋಗಿದ್ದ. ಅವರ ಫ್ಲೆಕ್ಸು ಸುರುಳಿಯಾಗಿ ನನ್ನ ಕುರ್ಚಿಯ ಹಿಂದೆಯೇ ಒರಗಿತ್ತು. ಒಬ್ಬರ ಕೆಲಸದ ಸುದ್ದಿ ಇನ್ನೊಬ್ಬರ ಕಿವಿಗೆ ಹಾಕಬಾರದು ಎನ್ನುವುದು ಅಂಗಡಿಯ ನಿಯಮ. ಯಜಮಾನರ ಮುಖ ನೋಡಿದೆ. ಅವರು ಕಣ್ಣಲ್ಲೇ ಸುಮ್ಮನಿರು ಎಂದರು. 'ಸರಿ ಸರ್' ಎಂದೆ.

ಬಸ್ ನಿಲ್ದಾಣದ ಎದುರಿನ ಗೋಡೆಯ ಮೇಲೆ ಎರಡೂ ಅಕ್ಕಪಕ್ಕ ಏರಿದವು. ಒಂದೇ ಮೈ, ಒಂದೇ ಕಿರೀಟ, ಎಡಗಡೆಯ ತೋಳಿನ ಮೇಲೆ ಒಂದೇ ಮಚ್ಚೆ. ತಲೆ ಮಾತ್ರ ಬೇರೆ. ಹಣ್ಣಿನ ಗಾಡಿಯವನು ಬಂದವರಿಗೆಲ್ಲ ತೋರಿಸಿ, ಪಾಪ, ಸಿಂಹಕ್ಕೆ ಡಬಲ್ ಡ್ಯೂಟಿ ಎನ್ನುತ್ತಿದ್ದನಂತೆ.

ಬೆಳಗ್ಗೆ ಮತ ಕೇಳಲು ಹೊರಟ ಚಿಕ್ಕಮ್ಮ ಮಧ್ಯಾಹ್ನವೇ ಮರಳಿ, ಚಪ್ಪಲಿ ಕೂಡ ಬಿಡದೆ ನಮ್ಮ ಮನೆಯ ಮಂಚದ ಮೇಲೆ ಕೂತಳು. ಅಂದು ರಜೆಯಾದ್ದರಿಂದ ಅಮ್ಮನೂ ಇದ್ದಳು. ಜನ ನಕ್ಕದ್ದಕ್ಕೆ ಚಿಕ್ಕಮ್ಮನಿಗೆ ಬೇಸರವಿರಲಿಲ್ಲ. ಬಸ್ಸಿನಲ್ಲಿ ಎಂತೆಂಥ ನಗುವನ್ನೋ ಅರಗಿಸಿಕೊಂಡವಳು. ಅವಳನ್ನು ಕಂಗೆಡಿಸಿದ್ದು ಕಾರ್ಖಾನೆಯ ಹೆಂಗಸರ ಬೀದಿ. ಅಲ್ಲಿ ಎಲ್ಲರೂ ಬಾಗಿಲಿಗೆ ಬಂದು ಕೈ ಮುಗಿದು, ನೀನೇ ಕಾಪಾಡಬೇಕು ತಾಯಿ ಎಂದರಂತೆ. ಬಸ್ಸಿನ ಮಾತನ್ನು ಒಬ್ಬಳೂ ಎತ್ತಲಿಲ್ಲವಂತೆ.

"ದಿನಾ ಚಿಲ್ಲರೆಗೆ ನನ್ನ ಜೊತೆ ಜಗಳ ಆಡ್ತಿದ್ದವರು ಅಕ್ಕಾ ಅವರು," ಎಂದಳು ಅಮ್ಮನ ಕಡೆ ತಿರುಗಿ. "ಇವತ್ತು ಒಬ್ಬಳೂ ಜಗಳಕ್ಕೆ ಬರಲಿಲ್ಲ."

ಜೊತೆಗೇ ಬಂದಿದ್ದ ಚಿಕ್ಕಪ್ಪನಿಗೆ ಇದರಲ್ಲಿ ತಪ್ಪೇನೆಂದೇ ತಿಳಿಯಲಿಲ್ಲ. ಭಕ್ತಿ ಬಂದಿದೆ, ಹಿಂದೆಯೇ ಮತವೂ ಬರುತ್ತದೆ ಎಂದ. ಅವನ ಚಿಂತೆಯೆಲ್ಲ ಪಕ್ಕದ ಪೋಸ್ಟರಿನದು. ಅವರಿಗೆ ಎಂಟು ಕೈಯಾದರೆ ನಮಗೆ ಹತ್ತು ಮಾಡಿಸೋಣ ಎಂದು ನನ್ನ ಕಡೆ ನೋಡಿದ. ಮಾಡಿಸು ಮಾಡಿಸು, ನಿನ್ನ ಅಂಗಿ ಒಗೆಯುವುದಕ್ಕೂ ಎರಡು ಮಿಗುತ್ತವೆ ಎಂದಳು ಅಮ್ಮ.

ಅಷ್ಟರಲ್ಲಿ ಬಾಗಿಲಲ್ಲಿ ಟೀಚರಮ್ಮ. ಜಗಳಕ್ಕೇ ಬಂದರೆಂದು ಚಿಕ್ಕಪ್ಪ ಅಂಗಿಯ ತೋಳು ಮಡಚಿದ. ಅವರು ಮೆಟ್ಟಿಲು ಹತ್ತಿದ ಏದುಸಿರು ಇಳಿಸಿಕೊಂಡು, "ಏನಮ್ಮಾ ಕಂಡಕ್ಟರ್, ನಿನ್ನ ಮೈ ನನ್ನ ಹತ್ತಿರ ಉಳಿದುಬಿಟ್ಟಿದೆ. ಕೊಟ್ಟು ಹೋಗೋಣ ಅಂತ ಬಂದೆ" ಎಂದರು. ಚಿಕ್ಕಮ್ಮನಿಗೆ ಆ ದಿನದ ಮೊದಲ ನಗು ಬಂತು.

ಮಗ ತಮಗೆ ತೋರಿಸದೆ ಮಾಡಿಸಿದ್ದನ್ನು ಹೇಳಿ ಅವರು ಕೂತರು. ಆಮೇಲೆ ಹೇಳಿದ್ದು ನಮಗಾರಿಗೂ ಗೊತ್ತಿರಲಿಲ್ಲ. ಹಿಂದೊಮ್ಮೆ ಬೇರೆ ಊರಿನಲ್ಲಿದ್ದಾಗ ಅವರು ಅಲ್ಲಿ ವಾರ್ಡ್ ಸದಸ್ಯೆಯಾಗಿದ್ದರು. ಆಗಿನ ಪೋಸ್ಟರಿನಲ್ಲಿ ಅವರು ಮಗು ಎತ್ತಿಕೊಂಡ ತಾಯಿ.

"ಗೆದ್ದೆ. ಮೊದಲನೇ ಸಭೆಯಲ್ಲೇ ಚರಂಡಿ ಯಾಕೆ ಅರ್ಧಕ್ಕೆ ನಿಂತಿದೆ ಅಂತ ಕೇಳಿದೆ. 'ತಾಯಿ ಆದವಳಿಗೆ ಇಷ್ಟು ಸಿಟ್ಟು ಚೆನ್ನಾಗಿರಲ್ಲ' ಅಂದ್ರು. ಎಲ್ಲರೂ ನಕ್ರು. ಮುಂದಿನ ಸಭೆಗೆ ಹೋದ್ರೆ ಬಾಗಿಲು ಕಾಯೋನು ನನ್ನ ಬೆನ್ನ ಹಿಂದೆ ಇಣುಕಿ, 'ಸಾಹೇಬ್ರು ಬರಲಿಲ್ವಾ ಅಮ್ಮಾ' ಅಂದ."

ಏನೇ ಆದರೂ ಗೆದ್ದಿರಲ್ಲ, ಅದು ಮುಖ್ಯ ಅಲ್ಲವೇ ಎಂದು ಚಿಕ್ಕಪ್ಪ ಬಿಡಲಿಲ್ಲ.

"ಗೆದ್ದಿದ್ದು ಪೋಸ್ಟರ್ ಕಣಪ್ಪಾ. ಎಲ್ಲರೂ ನನಗೆ ಕೈ ಮುಗಿದ್ರು. ಸಭೆಯಲ್ಲಿ ನಾನು ಕೈ ಎತ್ತಿದ್ದು ಮಾತ್ರ ಯಾರಿಗೂ ಕಾಣಲಿಲ್ಲ."

ದೇವಿಯಾದರೆ ಇನ್ನೂ ಕಷ್ಟ ಎಂದರು ಅವರು. ದೇವಿ ವರ ಕೊಡಬೇಕು, ತಪ್ಪುವಂತಿಲ್ಲ. ಒಂದು ದೀಪ ಹತ್ತದಿದ್ದರೂ ಇವತ್ತು ದೇವಿ ಎಂದವರೇ ನಾಳೆ ಮಾರಿ ಎನ್ನುತ್ತಾರೆ. ಗಂಡಸು ಸದಸ್ಯ ಕೆಲಸ ಮಾಡಿಸದಿದ್ದರೆ ಇವನಿಗೆ ಕೆಲಸ ಬರುವುದಿಲ್ಲ ಎನ್ನುತ್ತಾರೆ. ಅದೇ ಹೆಂಗಸಾದರೆ, ಹೆಂಗಸರಿಗೇ ಇದು ಆಗದ ಕೆಲಸ ಎನ್ನುತ್ತಾರೆ. ಕಾರ್ಖಾನೆಯವರು ಜಗಳಕ್ಕೆ ಬರಲಿಲ್ಲ ಎಂದೆಯಲ್ಲ, ಮೆಟ್ಟಿಲು ಹತ್ತುವಾಗ ಕೇಳಿಸಿತು, ಇನ್ನೈದು ವರ್ಷ ಬರುವುದೂ ಇಲ್ಲ, ನಿನ್ನ ಬೆನ್ನಿಗೆ ನಿಲ್ಲುವುದೂ ಇಲ್ಲ ಎಂದರು. ನನಗೆ ಗೋದಾಮಿನ ರಸ್ತೆ ಇನ್ನಷ್ಟು ಉದ್ದವಾದಂತೆ ಅನಿಸಿತು.

ಎದುರಾಳಿಗೆ ಬುದ್ಧಿ ಹೇಳಿ ನಿಮಗೇನು ಲಾಭ ಎಂದು ಚಿಕ್ಕಪ್ಪ ಕೊನೆಯ ಅಸ್ತ್ರ ಬಿಟ್ಟ. ಟೀಚರಮ್ಮ ಎದ್ದು ನಿಂತು, "ನಾನೂ ನನ್ನದನ್ನ ಇಳಿಸ್ತಿದ್ದೀನಿ. ಸೋತರೆ ನಿನ್ನ ಹೆಂಡತಿ ಕೈಲಿ ಸೋಲ್ತೀನಿ, ಸಿಂಹದ ಕೈಲಿ ಬೇಡ" ಎಂದರು. ಚಿಕ್ಕಪ್ಪ ಮಡಚಿದ ತೋಳು ಇಳಿಸಿಕೊಂಡ.

ಮಾರನೇ ದಿನ ಚಿಕ್ಕಮ್ಮ ತಾನೇ ಅಂಗಡಿಗೆ ಬಂದು ಒಂದು ಫೋಟೋ ಕೊಟ್ಟಳು. ಬಸ್ಸಿನ ಬಾಗಿಲಲ್ಲಿ ಸರಳು ಹಿಡಿದು ನಿಂತಿದ್ದಾಳೆ, ಕೂಗುತ್ತಿರುವ ಬಾಯಿ ತೆರೆದಿದೆ. ಯಜಮಾನರು ಹಣೆ ಚಚ್ಚಿಕೊಂಡರು. ಕಿರೀಟ ಬೇಡವೆಂದರೆ ಬೇಡ, ಮುಖವನ್ನಾದರೂ ಬೆಳ್ಳಗೆ ಮಾಡೋಣ, ಬಾಯಿ ಮುಚ್ಚಿಸಿ ಒಂದು ನಗು ಕೂರಿಸೋಣ ಎಂದು ನನಗೆ ಸನ್ನೆ ಮಾಡಿದರು. ಬಾಯಿ ಮುಚ್ಚಿಕೊಂಡು ಟಿಕೆಟ್ ಕೊಟ್ಟವರನ್ನು ಎಲ್ಲಾದರೂ ಕಂಡಿದ್ದೀರಾ ಎಂದಳು ಚಿಕ್ಕಮ್ಮ. ನನ್ನ ಕೈ ಮೌಸಿನ ಮೇಲಿತ್ತು. 'ಸರಿ ಸರ್' ತುಟಿಗೆ ಬಂದದ್ದನ್ನು ನುಂಗಿದೆ. ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅಷ್ಟೇ ನನ್ನಿಂದಾದದ್ದು. ಚಿತ್ರ ಇದ್ದಂತೆಯೇ ಅಚ್ಚಾಯಿತು. ಕೆಳಗೆ ದಪ್ಪ ಅಕ್ಷರದಲ್ಲಿ, ಸಂಜೆಯ ಬಸ್ ಮತ್ತೆ ಬರಬೇಕು, ಗೋದಾಮಿನ ರಸ್ತೆಗೆ ದೀಪ ಬೇಕು, ಇದಕ್ಕಾಗಿ ನಿಂತಿದ್ದೇನೆ ಎಂದು ಅವಳು ಹೇಳಿದಂತೆ ಬರೆದೆ.

ಸಂಜೆ ಅದನ್ನು ಕಟ್ಟಲು ಏಣಿ ಹತ್ತಿದವನು ಚಿಕ್ಕಪ್ಪನೇ. ಸಿಂಹವನ್ನು ತಾನೇ ಇಳಿಸಿ ಸುತ್ತಿಟ್ಟ. ಓರೆಯಾಗಿದೆಯೇ ಎಂದು ಮೂರು ಸಲ ಕೇಳಿದ. ಅಷ್ಟೊತ್ತಿಗೆ ಕಾರ್ಖಾನೆ ಬಿಟ್ಟು ನಡೆದು ಬಂದ ಹೆಂಗಸರ ಗುಂಪು ಗೋಡೆಯ ಮುಂದೆ ನಿಂತಿತು. ಅಮ್ಮನೂ ಅದರಲ್ಲಿದ್ದಳು, ದೂಳು ಮೆತ್ತಿದ ಕಾಲು, ಕಂಕುಳಲ್ಲಿ ಖಾಲಿ ಡಬ್ಬಿ. ಒಬ್ಬಾಕೆ, ಕಿರೀಟ ಇದ್ದಿದ್ದರೆ ಲಕ್ಷಣವಾಗಿತ್ತು ಎಂದಳು. ಇನ್ನೊಬ್ಬಳು ಏಣಿ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ, ನೀನು ಓದಿದವಳು, ನೀನೇ ಹೇಳು, ದೇವಿಯನ್ನು ಯಾಕೆ ಇಳಿಸಿದಿರಿ ಎಂದಳು. ಎಲ್ಲರ ಕಣ್ಣೂ ನನ್ನ ಮೇಲೆ. ಚಿಕ್ಕಮ್ಮ ಪಕ್ಕದಲ್ಲೇ ಇದ್ದಳು, ಆದರೆ ನನ್ನ ಬದಲಿಗೆ ಮಾತಾಡಲಿಲ್ಲ. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅವರ ಕಡೆ ತಿರುಗಿದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಗೋಡೆಗೂ ನಾಳೆ ಪೋಸ್ಟರುಗಳು ಬರುತ್ತವೆ. ಅವುಗಳ ಮುಂದೆ ಒಂದು ನಿಮಿಷ ನಿಲ್ಲಿ. ಅವುಗಳಲ್ಲಿರುವ ಹೆಣ್ಣಿಗೆ ಎಷ್ಟು ಕೈ ಎಂದು ಎಣಿಸಬೇಡಿ, ಯಾವ ಕೆಲಸಕ್ಕೆ ನಿಂತಿದ್ದಾಳೆ ಎಂದು ಓದಿ. ಬರೆದಿಲ್ಲವಾದರೆ ಕೇಳಿ. ಗಂಡಸನ್ನು ಕೇಳುವಷ್ಟೇ ಗಟ್ಟಿಯಾಗಿ ಕೇಳಿ. ಅವಳು ಉತ್ತರ ಕೊಡುವಾಗ ಅವಳ ಬೆನ್ನ ಹಿಂದೆ ಯಾರಿದ್ದಾರೆಂದು ಇಣುಕಬೇಡಿ. ಅವತ್ತು ಆ ಗೋಡೆಯ ಮುಂದೆ ನಾನು ಆ ಹೆಂಗಸರಿಗೆ ಹೇಳಿದ್ದೇ ನಿಮಗೂ ನನ್ನ ಮಾತು.

"ಇವಳು ದೇವಿ ಅಲ್ಲ, ನನ್ನ ಚಿಕ್ಕಮ್ಮ. ತಪ್ಪೂ ಮಾಡ್ತಾಳೆ. ಕೈ ಮುಗೀಬೇಡಿ. ಬಸ್ ಹೇಗೆ ತರ್ತೀಯ ಅಂತ ಕೇಳಿ. ಸರಿಯಾಗಿ ಉತ್ತರ ಕೊಡದಿದ್ರೆ ನನ್ನ ಮತವೂ ಇವಳಿಗಿಲ್ಲ."