ಜನಿವಾರದ ಕೀಲಿಕೈ

ನಮ್ಮ ಮನೆಯವರಿಗೆ ಮಕ್ಕಳ ಮೇಲೆ ಬಹಳ ವಿಶ್ವಾಸ. ಊರವರ ಮಕ್ಕಳ ಮೇಲೆ. ಮುಂಡರಗಿಯ ಹೈಸ್ಕೂಲಿನಲ್ಲಿ ಪಾಲಕರ ಸಭೆ ನಡೆದಾಗಲೆಲ್ಲ ಎದ್ದು ನಿಂತು, ಮೀಸೆ ಮೂಡಿದ ಮಗನನ್ನು ಗೆಳೆಯನಂತೆ ನೋಡಿರಿ, ಜವಾಬ್ದಾರಿ ಕೊಡಿರಿ, ಕೊಟ್ಟು ಮರೆತುಬಿಡಿರಿ ಎಂದು ಹೇಳುತ್ತಿದ್ದರು. ಕೇಳಲು ಕುಳಿತವರಲ್ಲಿ ಅರ್ಧ ಜನ ಮಗನ ಕೈಗೆ ಎತ್ತಿನ ಹಗ್ಗ ಕೊಟ್ಟೇ ಸಭೆಗೆ ಬಂದವರು. ಇದರಲ್ಲಿ ಹೊಸದೇನಿದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ಮಾಸ್ತರರು ಹೇಳುತ್ತಾರೆಂದು ತಲೆಯಾಡಿಸುತ್ತಿದ್ದರು.

ಗಂಡನ ಹೆಸರು ಹೇಳಬಾರದು ನಿಜ. ಆದರೆ ಹೆಸರಿಲ್ಲದೆ ಕಥೆ ನಡೆಯುವುದಿಲ್ಲ. ಊರು ಅವರನ್ನು ವಾಸುದೇವ ಮಾಸ್ತರರು ಎನ್ನುತ್ತದೆ. ಅವರ ಜನಿವಾರಕ್ಕೆ ಯಾವಾಗಲೂ ಎರಡು ಕೀಲಿಕೈ ಕಟ್ಟಿರುತ್ತಿದ್ದವು. ಒಂದು ನಮ್ಮ ಮನೆಗೆ ಅಂಟಿಕೊಂಡಿರುವ ಹನುಮಪ್ಪನ ಗುಡಿಯದು, ಇನ್ನೊಂದು ನನ್ನ ಅಡುಗೆಮನೆಯ ಕಪಾಟಿನದು. ತುಪ್ಪ, ಬೆಲ್ಲ, ಸಕ್ಕರೆ ಎಲ್ಲ ಆ ಕಪಾಟಿನೊಳಗೆ. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಒಂದು ಚಮಚ ತುಪ್ಪ ಬೇಕಾದರೂ ಅವರು ಬಂದು, ಅಂಗಿಯ ಗುಂಡಿ ಬಿಚ್ಚಿ, ಜನಿವಾರ ಎಳೆದು, ಬಗ್ಗಿ ಕೀಲಿ ತೆಗೆಯುವವರೆಗೆ ಕಾಯಬೇಕು. ನಾನು ತುಪ್ಪ ಕದ್ದು ತವರಿಗೆ ಕಳಿಸುವವಳೆಂದು ಅವರೇನೂ ಬಾಯಿಬಿಟ್ಟು ಹೇಳಿದವರಲ್ಲ. ಕೇಳಿದರೆ, ಹಾಗೆ ಮೊದಲಿನಿಂದ ರೂಢಿ ಎನ್ನುತ್ತಿದ್ದರು. ಬೆನ್ನು ತುರಿಸಿದಾಗ ಅವೇ ಕೀಲಿಕೈಗಳಿಂದ ತುರಿಸಿಕೊಳ್ಳುತ್ತಿದ್ದರು.

ಎಪ್ಪತ್ತೆಂಟನೆಯ ಇಸವಿಯ ಶ್ರಾವಣದಲ್ಲಿ ಹನುಮಪ್ಪನ ಪೂಜೆಯ ಪಾಳಿ ನಮ್ಮದಿತ್ತು. ನಮ್ಮದೊಂದು ಮನೆ, ಇವರ ಚಿಕ್ಕಪ್ಪನ ಮಗ ಮಾರ್ತಾಂಡನದೊಂದು ಮನೆ. ಪಾಳಿ ಬಂದವರು ಗುಡಿಗೆ ತಮ್ಮ ಕೀಲಿ ಹಾಕಿಕೊಳ್ಳಬೇಕು. ಪಾಳಿಯಲ್ಲಿ ಒಂದು ಹೊತ್ತು ಮಧ್ಯಾಹ್ನದ ನೈವೇದ್ಯ ತಪ್ಪಿದರೂ ಆ ವರ್ಷದ ಉಳಿದ ಪೂಜೆ ಇನ್ನೊಂದು ಮನೆಗೆ ಹೋಗುತ್ತದೆ. ಹಿರಿಯರು ಮಾಡಿಟ್ಟ ನಿಯಮ. ಮಾರ್ತಾಂಡ ಅದನ್ನು ವಿಷ್ಣು ಸಹಸ್ರನಾಮಕ್ಕಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದ.

ಅದೇ ಶ್ರಾವಣದ ಒಂದು ಶನಿವಾರ ಗದಗಿನಲ್ಲಿ ಶಿಕ್ಷಕರ ಸಭೆ. ಅಲ್ಲಿ ಭಾಷಣ ಮಾಡಲು ಇವರಿಗೆ ಕರೆ ಬಂತು. ವಿಷಯ ಹದಿಹರೆಯದ ಮಕ್ಕಳು ಮತ್ತು ಜವಾಬ್ದಾರಿ. ಭಾಷಣಕ್ಕೆ ಒಂದು ಉದಾಹರಣೆ ಬೇಕಾಗಿತ್ತು. ಆಗ ಅವರಿಗೆ ಮನೆಯಲ್ಲೊಬ್ಬ ಮಗನಿದ್ದಾನೆಂಬುದು ನೆನಪಾಯಿತು.

ಶ್ರೀಪಾದ ಆಗ ಹತ್ತನೆಯ ಇಯತ್ತೆ. ಮುಂಜಿಯಾಗಿ ವರ್ಷಗಳಾಗಿದ್ದವು, ಮಂತ್ರಗಳೆಲ್ಲ ಬರುತ್ತಿದ್ದವು. ಆದರೆ ಅಪ್ಪ ಪಕ್ಕದಲ್ಲಿ ನಿಂತು ಹೂವು ಹೀಗಲ್ಲ, ಗಂಟೆ ಹಾಗಲ್ಲ ಎನ್ನದೆ ಅವನು ಒಂದು ಆರತಿಯನ್ನೂ ಎತ್ತಿದವನಲ್ಲ. ಶುಕ್ರವಾರ ಊಟಕ್ಕೆ ಕುಳಿತಾಗ ಇವರು, ನಾಳಿನ ಪೂಜೆ ಪೂರ್ತಿ ನಿನ್ನದೇ ಎಂದು ಘೋಷಿಸಿದರು. ಹುಡುಗನ ಮುಖ ಅರಳಿತು. ಆಮೇಲೆ ಮಜ್ಜಿಗೆ ಅನ್ನ ಮುಗಿಯುವವರೆಗೆ ಬತ್ತಿ ಎಷ್ಟು ದಪ್ಪ ಇರಬೇಕು, ಸಿಂಧೂರ ಎಷ್ಟು ಎಣ್ಣೆಯಲ್ಲಿ ಕಲಸಬೇಕು, ತೆಂಗಿನಕಾಯಿ ಯಾವ ಕಡೆ ಮುಖ ಮಾಡಿ ಒಡೆಯಬೇಕು ಎಂದು ಹೇಳುತ್ತಲೇ ಇದ್ದರು. ಅವನು ಎಲ್ಲದಕ್ಕೂ ಹೂಂ ಎಂದು, ಕೊನೆಗೆ ಒಂದೇ ಮಾತು ಕೇಳಿದ.

“ಕೀಲಿಕೈ ಈಗ ಕೊಡ್ತೀರೇನು ಅಪ್ಪಾ?”

“ಈಗ ಕೊಟ್ರ ರಾತ್ರಿ ಎಲ್ಲ್ಯರೆ ಕಳೀತಿ. ಮುಂಜಾನೆ ಕೊಡ್ತೀನಿ.”

ಮುಂಜಾನೆ ಹುಡುಗ ಮಡಿನೀರು ತರಲು ಬಾವಿಗಿಳಿದಿದ್ದ. ಬಸ್ಸಿನ ಹೊತ್ತಾಯಿತೆಂದು ಇವರು ಶಲ್ಯ ಹೆಗಲಿಗೆ ಹಾಕಿಕೊಂಡು ಹೊರಟರು. ಹೋಗುವಾಗ ಬಾವಿಯ ಕಡೆ ಬಗ್ಗಿ, ಎಲ್ಲಾ ನಿನ್ನ ಮೇಲೆ ಬಿಟ್ಟಿದ್ದೇನೆ ಎಂದು ಕೂಗಿ ಹೇಳಿದರು. ನಿಜ, ಎಲ್ಲವನ್ನೂ ಬಿಟ್ಟೇ ಹೋದರು, ಕೀಲಿಕೈ ಒಂದನ್ನು ಬಿಟ್ಟು.

ನನಗೆ ಅದು ತಿಳಿದದ್ದು ಒಲೆಯ ಮುಂದೆ. ನೈವೇದ್ಯಕ್ಕೆ ಸಜ್ಜಕ ಮಾಡಬೇಕು. ರವೆ ಹುರಿದಾಗಿತ್ತು. ಬೆಲ್ಲ, ತುಪ್ಪ ಕಪಾಟಿನಲ್ಲಿ. ಕಪಾಟಿನ ಕೀಲಿಕೈ ಗದಗಿನ ದಾರಿಯಲ್ಲಿ. ಅಷ್ಟರಲ್ಲಿ ಶ್ರೀಪಾದ ಒದ್ದೆ ಪಂಚೆಯಲ್ಲಿ, ಹೆಗಲ ಮೇಲೆ ಕೊಡ ಹೊತ್ತು ಹಿತ್ತಲ ಬಾಗಿಲಿಗೆ ಬಂದು ನಿಂತ. ಗುಡಿಯ ಕೀಲಿ ಹಾಕಿಯೇ ಇದೆ ಎಂದ. ತಪ್ಪು ಯಾರದೇ ಇರಲಿ, ನೈವೇದ್ಯ ತಪ್ಪಿದರೆ ಊರು ಹೇಳುವುದು ಒಂದೇ ಮಾತು: ಹುಡುಗನ ಕೈಗೆ ಕೊಟ್ಟರು, ಕೆಟ್ಟಿತು. ಅವನ ಅಪ್ಪನೂ ಅದನ್ನೇ ಹೇಳುವವರು. ಆಮೇಲೆ ಅವನಿಗೆ ಮದುವೆಯಾಗಿ ಮಕ್ಕಳಾದರೂ ಮನೆಯಲ್ಲಿ ಯಾರೂ ಅವನ ಕೈಗೆ ಒಂದು ಕಡ್ಡಿಪೆಟ್ಟಿಗೆ ಕೊಡುವುದಿಲ್ಲ.

ಇವರು ಮರಳುವುದು ಸಂಜೆಗೆ. ಗುಡಿಯ ಕಟ್ಟೆಯ ಮೇಲೆ ಆಗಲೇ ಜನ ಸೇರುತ್ತಿದ್ದರು. ಶ್ರಾವಣ ಶನಿವಾರವೆಂದರೆ ಕೇಳಬೇಕೆ? ಹೊಲಕ್ಕೆ ಹೊರಟ ಅಂದಪ್ಪ ತೆಂಗಿನಕಾಯಿ ಹಿಡಿದು ನಿಂತಿದ್ದ.

“ಸಣ್ಣ ಮಾಸ್ತರ, ಜಲ್ದಿ ಬಾಗ್ಲಾ ತಗೀರಿ. ಕಳೆ ತಗಿಯೋ ಆಳು ಬಂದು ಕುಂತಾವ,” ಎಂದ.

ಮಾರ್ತಾಂಡನೂ ಬಂದ, ಸ್ನಾನ ಮಾಡಿ, ಗಂಧ ಹಚ್ಚಿಕೊಂಡು, ಮಡಿಯಲ್ಲೇ. ಸುದ್ದಿ ಮುಟ್ಟಲು ಇಷ್ಟು ಹೊತ್ತು, ಸ್ನಾನಕ್ಕೆ ಇಷ್ಟು ಹೊತ್ತು ಎಂದು ಲೆಕ್ಕ ಹಾಕಿದರೆ ಅವನು ನಮಗಿಂತ ಮೊದಲೇ ತಯಾರಾಗಿದ್ದನೆನ್ನಬೇಕು. ಬಾಗಿಲ ಕೀಲಿಯನ್ನು ಎರಡು ಸಲ ಎಳೆದು ನೋಡಿ, ಬಹಳ ದುಃಖದಿಂದ, ಹಿತ್ತಲ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದ. ಪಾಪ ಹುಡುಗ, ಅವನದೇನು ತಪ್ಪು ವೈನಿ, ಹೊತ್ತು ಏರಲಿ, ಆಮೇಲೆ ನಾನೇ ಏನಾದರೂ ವ್ಯವಸ್ಥೆ ಮಾಡುತ್ತೇನೆ ಎಂದ. ಅವನ ಪಂಚೆಯ ಮಡಿಕೆಯಲ್ಲಿ, ಗುಡಿಗೆ ಹಾಕಲೆಂದು ತಂದ ಅವನ ಮನೆಯ ಕೀಲಿ ಇತ್ತು. ಉಬ್ಬಿದ್ದು ಕಾಣುತ್ತಿತ್ತು.

ಶ್ರೀಪಾದನೂ ಅದನ್ನು ನೋಡಿದ. ಕೊಡವನ್ನು ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಬಂದ.

“ಅವ್ವಾ, ಕೀಲಿ ಒಡೀಲೇನು?”

ಒಡೆ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ತಡೆದುಕೊಂಡೆ.

“ಎಲ್ಲಾ ನಿನ್ನ ಮ್ಯಾಲೆ ಬಿಟ್ಟಾರ. ನನ್ನ ಯಾಕ ಕೇಳ್ತಿ?”

ಅವನು ಹಿತ್ತಲಲ್ಲಿದ್ದ ಗುಂಡುಕಲ್ಲು ತೆಗೆದುಕೊಂಡು, ಅದಕ್ಕೂ ಎರಡು ತಂಬಿಗೆ ನೀರು ಸುರಿದು ಮಡಿ ಮಾಡಿಕೊಂಡು ಹೋದ. ಮಾರ್ತಾಂಡ ಅಡ್ಡ ಬಂದು, ದೇವರ ಬಾಗಿಲಿಗೆ ಕಲ್ಲೇ ಎಂದು ಕೇಳಿದ. ನಮ್ಮ ಪಾಳಿ, ನಮ್ಮ ಕೀಲಿ, ನೀವು ಸ್ವಲ್ಪ ಸರಿಯಿರಿ ಕಾಕಾ, ಮೈಲಿಗೆಯಾದೀತು ಎಂದು ಇವನು ಮರ್ಯಾದೆಯಿಂದಲೇ ಹೇಳಿದ. ಮೂರನೆಯ ಏಟಿಗೆ ಕೀಲಿ ಬಾಯಿ ಬಿಟ್ಟಿತು. ಅಂದಪ್ಪ ಅಲ್ಲೇ ತನ್ನ ಕಾಯಿ ಒಡೆದುಬಿಟ್ಟ.

“ಕಲ್ಲು ಕೆಳಗ ಇಡಬ್ಯಾಡ,” ಎಂದು ನಾನು ಹಿತ್ತಲಿನಿಂದ ಕೂಗಿದೆ. “ಅಡಗಿ ಮನಿಗೂ ಬಾ.”

ಕಪಾಟಿನ ಕೀಲಿ ಒಂದೇ ಏಟಿಗೆ ಬಿತ್ತು. ಇಷ್ಟು ವರ್ಷ ನಾನು ಇಂಥ ಬಡಕಲು ಕೀಲಿಗೆ ಅಂಜಿದ್ದೆನೇ ಎಂದು ನಗು ಬಂತು, ಸಿಟ್ಟೂ ಬಂತು. ಅಂದಿನ ಸಜ್ಜಕಕ್ಕೆ ತುಪ್ಪವನ್ನು ಕೈಯಳತೆಯಿಲ್ಲದೆ ಸುರಿದೆ. ಮಧ್ಯಾಹ್ನದೊಳಗೆ ನೈವೇದ್ಯವಾಯಿತು, ಮಂಗಳಾರತಿಯಾಯಿತು. ಒಳಗೆ ಒಬ್ಬನೇ ಇದ್ದ ನನ್ನ ಮಗನ ದನಿ ಎಲ್ಲಿಯೂ ತಡವರಿಸಲಿಲ್ಲ. ನಾನು ಗೋಡೆಯ ಈಚೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮಾರ್ತಾಂಡ ಪ್ರಸಾದವನ್ನು ಎರಡು ಸಲ ಹಾಕಿಸಿಕೊಂಡು ತಿಂದು, ತುಪ್ಪ ಸ್ವಲ್ಪ ಹೆಚ್ಚಾಯಿತು ಎಂದು ಹೇಳಿ ಹೋದ.

ಅತ್ತ ಗದಗಿನಲ್ಲಿ ನಡೆದದ್ದನ್ನು ಸಭೆಯಲ್ಲಿದ್ದ ಸಂಗಪ್ಪ ಮಾಸ್ತರರು ಆಮೇಲೆ ನನಗೆ ಹೇಳಿದರು. ಇವರು ಭಾಷಣದ ನಡುವೆ, ಈ ಹೊತ್ತಿಗೆ ನನ್ನ ಮಗ ಒಬ್ಬನೇ ದೇವರ ಪೂಜೆ ಮಾಡುತ್ತಿದ್ದಾನೆ, ನಾನು ನಿಶ್ಚಿಂತೆಯಿಂದ ನಿಮ್ಮ ಮುಂದೆ ನಿಂತಿದ್ದೇನೆ ಎಂದು ಎದೆ ಮುಟ್ಟಿಕೊಂಡರಂತೆ. ಮುಟ್ಟಿಕೊಂಡ ಕೈ ಅಲ್ಲೇ ಉಳಿಯಿತಂತೆ. ಮಾತು ನಿಂತುಹೋಯಿತಂತೆ. ಮಗನ ನೆನಪಿನಿಂದ ಮಾಸ್ತರರ ಗಂಟಲು ಕಟ್ಟಿತೆಂದು ತಿಳಿದು ಸಭೆ ಜೋರಾಗಿ ಚಪ್ಪಾಳೆ ತಟ್ಟಿತಂತೆ.

ಸಂಜೆ ಅವರು ಬಸ್‌ಸ್ಟ್ಯಾಂಡಿನಿಂದ ಓಡುತ್ತಲೇ ಬಂದರು. ಕೊರಳಲ್ಲಿ ಸನ್ಮಾನದ ಹಾರ, ಕೈಯಲ್ಲಿ ಜನಿವಾರದಿಂದ ಬಿಚ್ಚಿಕೊಂಡ ಕೀಲಿಕೈ. ಗುಡಿಯ ಬಾಗಿಲಿಗೆ ಖಾಜಾಸಾಬನ ಅಂಗಡಿಯಿಂದ ತಂದ ಹೊಸ ಕೀಲಿ ಬಿದ್ದಿತ್ತು. ಕೈಯಲ್ಲಿದ್ದ ಕೀಲಿಕೈ ಹಾಕಿ ತಿರುವಲು ನೋಡಿದರು, ತಿರುಗಲಿಲ್ಲ; ಹಳೆಯ ಕೀಲಿ ಕಟ್ಟೆಯ ಮೂಲೆಯಲ್ಲಿ ಸೊಟ್ಟಗಾಗಿ ಬಿದ್ದಿತ್ತು. ಒಡೆದವರು ಯಾರು, ಕೇಳಿದ್ದು ಯಾರನ್ನು, ಹಿರಿಯರೆಂಬುವರು ಇದ್ದಾರೋ ಇಲ್ಲವೋ ಎಂದು ಹಾರ ತೆಗೆಯದೆಯೇ ಮಗನ ಮೇಲೆ ಹರಿಹಾಯ್ದರು. ಅವನು ಪೂರ್ತಿ ಕೇಳಿಸಿಕೊಂಡ.

“ಜವಾಬ್ದಾರಿ ನನಗ ಕೊಟ್ರಿ, ಕೀಲಿಕೈ ನೀವ ಒಯ್ದ್ರಿ,” ಎಂದ. “ನನ್ನ ಹತ್ತರ ಇದ್ದದ್ದು ಕಲ್ಲು ಅಷ್ಟ. ಅದರಿಂದ ಆದಷ್ಟು ಮಾಡೀನಿ.”

ಆಮೇಲೆ ತನ್ನ ಜನಿವಾರಕ್ಕೆ ಕಟ್ಟಿದ್ದ ಹೊಸ ಕೀಲಿಕೈ ಬಿಚ್ಚಿ ಅಪ್ಪನ ಮುಂದೆ ಹಿಡಿದ.

“ತಗೋರಿ. ಆದ್ರ ನಾಳಿಂದ ಪೂಜಾನೂ ನೀವ ಮಾಡ್ರಿ.”

ಇವರ ಕೈ ರೂಢಿಯಂತೆ ಮುಂದೆ ಹೋಯಿತು, ಅರ್ಧಕ್ಕೆ ನಿಂತಿತು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕಾಲು ತೊಳೆಯಬೇಕೆಂದು ಬಚ್ಚಲಿಗೆ ಹೋದರು. ಊಟಕ್ಕೆ ಕುಳಿತಾಗ ಕಪಾಟು ಕಂಡಿತು. ಇದಕ್ಕೂ ಒಂದು ಕೀಲಿ ತರಬೇಕಾಗಿತ್ತಲ್ಲ ಎಂದು ಮೆಲ್ಲಗೆ ಕೇಳಿದರು. ನನ್ನ ಮೇಲೆ ನನಗೆ ವಿಶ್ವಾಸವಿದೆ, ಬೇಡ ಎಂದು ಹೇಳಿ ಅವರ ಅನ್ನಕ್ಕೆ ಎರಡು ಚಮಚ ತುಪ್ಪ ಬಡಿಸಿದೆ.

ಮರುದಿನ ಮುಂಜಾನೆ ಅವರೂ ಒದ್ದೆ ಪಂಚೆಯುಟ್ಟು ಗುಡಿಯ ಬಾಗಿಲ ಹೊರಗೆ ನಿಂತಿದ್ದರು. ಶ್ರೀಪಾದ ಬಂದು ಕೀಲಿ ತೆಗೆದ.

“ನಾನೂ ಒಳಗ ಬರ್ಲೇನು?” ಎಂದು ಕೇಳಿದರು.

ಅವನು ತನ್ನ ಹೆಗಲ ಕೊಡವನ್ನು ಅವರ ಕೈಗೆ ಕೊಟ್ಟು, ಬನ್ನಿರಿ ಎಂದ.

ನೂಲಹುಣ್ಣಿಮೆಯ ದಿನ ಜನಿವಾರ ಬದಲಿಸುವಾಗ ಇವರು ಆ ಎರಡು ಹಳೆಯ ಕೀಲಿಕೈಗಳನ್ನೂ ಜೋಪಾನವಾಗಿ ಹೊಸ ದಾರಕ್ಕೆ ಕಟ್ಟಿಕೊಂಡರು. ಈಗ ಅವುಗಳಿಂದ ತೆಗೆಯುವಂಥದ್ದು ಏನೂ ಇಲ್ಲ. ಬೆನ್ನು ತುರಿಸಿಕೊಳ್ಳಲು ಮನುಷ್ಯನಿಗೆ ಏನಾದರೂ ಬೇಕಲ್ಲ.