ಮಾಲೀಕಳು ಮಲಗಬೇಕಾದ ಮನೆ

ಪ್ಯಾಂಟಿನ ಕಾಲು ಮಡಚಿ ಹೊಲಿದರೆ ಐವತ್ತು, ಜಿಪ್ಪು ಬದಲಿಸಿದರೆ ಎಂಬತ್ತು, ಪರದೆಗೆ ನೂರಿಪ್ಪತ್ತು, ದಾರ ತನ್ನದೇ. ಪಕ್ಕದ ಮನೆಯ ವಾರಗಿತ್ತಿಗಾದರೋ ಕೋಣೆಯೊಂದಕ್ಕೆ ರಾತ್ರಿಗೆ ಎರಡು ಸಾವಿರ. ಅದೂ ಅತಿಥಿಗಳು ಗೊರಕೆ ಹೊಡೆಯುವಾಗ ತಾನಾಗಿ ಬರುವ ದುಡ್ಡು. ದರ್ಜಿ ಕೆಲಸದ ಹಿರಿಸೊಸೆ ಈ ಲೆಕ್ಕ ಹಾಕಿದಾಗಲೆಲ್ಲ ಸೂಜಿ ಬಟ್ಟೆ ಬಿಟ್ಟು ಬೆರಳಿಗೇ ಚುಚ್ಚುತ್ತಿತ್ತು.

ದುಡ್ಡನ್ನಾದರೂ ಸಹಿಸಬಹುದಿತ್ತು. ಕಿರಿಸೊಸೆಯ ಗಂಡ ಹಡಗಿನಲ್ಲಿ ಅಡುಗೆಯವನು, ಮನೆಗೆ ಬರುವುದೇ ಅಪರೂಪ. ಅವಳು ತನ್ನ ಹೆಸರಿನಲ್ಲಿದ್ದ ಮನೆಯ ಎರಡೂ ಕೋಣೆಗಳನ್ನು ಪ್ರವಾಸಿಗಳಿಗೆ ಕೊಟ್ಟು, ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿರಿಯವಳ ಮನೆಗೆ ಬಂದು ಅತ್ತೆಯ ಕೋಣೆಯಲ್ಲಿ ಮಲಗುತ್ತಿದ್ದಳು. ಅತ್ತೆಯ ಕಾಲು ಒತ್ತುತ್ತ ಪ್ರವಾಸಿಗಳ ಸುದ್ದಿ ಹೇಳುವಳು. ಒಳಗಿಂದ ಇಬ್ಬರ ನಗು ಕೇಳಿದರೆ ಹಿರಿಯವಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಇಷ್ಟು ವರ್ಷ ಅನ್ನ ಹಾಕಿದ್ದು ತಾನು. ತನ್ನ ಜೊತೆ ಅತ್ತೆ ಹಾಗೆ ನಕ್ಕಿದ್ದು ಯಾವಾಗ?

ಅಷ್ಟರಲ್ಲಿ ನಗರಸಭೆ ಹೊಸ ನಿಯಮ ತಂದಿತು: ಮಾಲೀಕರು ವಾಸವಿರುವ ಮನೆಯಲ್ಲಿ ಮಾತ್ರ ಕೋಣೆಗಳನ್ನು ದಿನದ ಬಾಡಿಗೆಗೆ ಕೊಡಬಹುದು, ಅತಿಥಿಗಳಿದ್ದ ರಾತ್ರಿ ಮಾಲೀಕರೂ ಅಲ್ಲೇ ಮಲಗಬೇಕು. ಹಾವೂ ಸಾಯಲಿ, ಕೋಲೂ ಮುರಿಯದಿರಲಿ ಎಂದು ಹಿರಿಯವಳು ಹೆಸರು ಹೇಳದೆ ನಗರಸಭೆಗೆ ಫೋನ್ ಮಾಡಿದಳು. ಬಾಡಿಗೆ ನಿಂತರೆ ಕಿರಿಯವಳ ಸೊಕ್ಕಿಳಿಯುತ್ತದೆ, ಅತ್ತೆ ಮತ್ತೆ ತನ್ನ ಕಡೆ ತಿರುಗುತ್ತಾರೆ ಎಂಬುದು ಅವಳ ಎಣಿಕೆ.

ಮರುವಾರ ಒಂದು ಬೆಳಗ್ಗೆ ನಗರಸಭೆಯ ಅಧಿಕಾರಿ ಹಿರಿಯವಳ ಬಾಗಿಲಿಗೇ ಬಂದ.

"ಪಕ್ಕದ ಮನೆಯವರು ರಾತ್ರಿ ಎಲ್ಲಿ ಮಲಗ್ತಾರಮ್ಮ?"

"ಇಲ್ಲೇ ಸಾರ್, ನಮ್ಮನೇಲಿ. ಬೇಕಾದ್ರೆ ಬಂದು ನೋಡಿ, ಹಾಸಿಗೆ ಇನ್ನೂ ಮಡಚಿಲ್ಲ!" ಹಿರಿಯವಳು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು.

"ನಿನ್ನ ಬಾಯಿಗೂ ಒಂದು ಜಿಪ್ಪು ಹೊಲ್ಕೋಬಾರ್ದೇನೇ?" ಅಂದರು ಒಳಗಿಂದ ಅತ್ತೆ.

ಅಧಿಕಾರಿ ಕಿರಿಯವಳನ್ನು ಕರೆದು ಹೇಳಿದ. "ಇವತ್ತಿಂದ ಒಂದು ಕೋಣೇಲಿ ನೀವಿರಿ, ಇನ್ನೊಂದನ್ನ ಬಾಡಿಗೆಗೆ ಕೊಡಿ. ಇಲ್ಲದಿದ್ರೆ ಪರವಾನಗಿ ರದ್ದು."

ಕಿರಿಯವಳು ಅಳಲಿಲ್ಲ, ಜಗಳವಾಡಲಿಲ್ಲ. "ಆಗ್ಲಿ ಸಾರ್" ಎಂದು ಹಾಸಿಗೆ ಸುತ್ತತೊಡಗಿದಳು.

"ಯಾರೋ ಹೊಟ್ಟೆಕಿಚ್ಚಿನವರು ಹೇಳಿರ್ಬೇಕು ಕಣೇ" ಎಂದಳು ಹಿರಿಯವಳು, ಮುಖ ಸಣ್ಣಗೆ ಮಾಡಿ.

"ಇರ್ಲಿ ಬಿಡಕ್ಕ. ಅವರ ಹೊಟ್ಟೆ ತಣ್ಣಗಾದ್ರೆ ಸಾಕು."

ಅತ್ತೆ ಮಂಚದಿಂದ ಇಳಿದರು. "ನನ್ನ ಮಾತ್ರೆ ಡಬ್ಬಿ ಎಲ್ಲಿ?"

"ಯಾಕತ್ತೆ?"

"ಅವಳು ಅಲ್ಲಿ ಮಲಗ್ಬೇಕಂತಲ್ಲ. ನಾನೂ ಅಲ್ಲೇ ಹೋಗ್ತೀನಿ."

"ಹಾಗಾದ್ರೆ ನಾನು ನಿಮಗೆ ಏನೂ ಮಾಡ್ಲೇ ಇಲ್ವಾ?"

"ಮಾಡಿದ್ದೀಯ ತಾಯಿ, ಬೇಕಾದಷ್ಟು ಮಾಡಿದ್ದೀಯ. ಆದ್ರೆ ಒಂದು ದಿನಾನೂ ಮುಖ ಊದಿಸ್ಕೊಳ್ಳದೆ ಮಾಡ್ಲಿಲ್ಲ."

ಹಿರಿಯವಳು ಮಾತ್ರೆ ಡಬ್ಬಿ ಹುಡುಕಿ ತಂದು ಕೊಟ್ಟಳು. ಫೋನ್ ಮಾಡಿದ್ದು ತಾನೇ ಎಂದು ಹೇಳಿ ಕಾಲು ಹಿಡಿದರೂ ಈ ನಿಯಮ ಇನ್ನು ಬದಲಾಗುವಂತಿರಲಿಲ್ಲ.

ಈಗ ಪ್ರವಾಸಿಗಳು ಸಂಜೆ ಅತ್ತೆಯ ಸುತ್ತ ಕೂತು ಹರಟುತ್ತಾರೆ. ಹೊಲಿಗೆ ಯಂತ್ರ ನಿಲ್ಲಿಸಿದರೆ ನಡುಗೋಡೆ ದಾಟಿ ಆ ನಗು ಕೇಳುತ್ತದೆ. ಹಿರಿಯವಳು ಯಂತ್ರ ನಿಲ್ಲಿಸುವುದೇ ಇಲ್ಲ. ಕಿರಿಯವಳಿಗೆ ಒಂದು ಕೋಣೆಯ ಬಾಡಿಗೆ ಹೋಯಿತು. ಹಿರಿಯವಳಿಗೆ ಒಂದು ಖಾಲಿ ಕೋಣೆ ದಕ್ಕಿತು, ಅತ್ತೆ ಕೈತಪ್ಪಿದರು.