ಕುರ್ಪಿ ಮಸೆಯುವ ಕಲ್ಲು

ಅಂದಾನಪ್ಪ ಮಾಸ್ತರನಿಗೆ ಭೂಗೋಳ ಕಲಿಸಲು ಪುಸ್ತಕ ಬೇಕಿರಲಿಲ್ಲ, ಪೇಪರು ಬೇಕಿತ್ತು. ಗದಗಿನಿಂದ ಡಂಬಳದ ಮೇಲೆ ಮುಂಡರಗಿಗೆ ಬರುವ ಮೋಟಾರಿನಲ್ಲಿ ನಿನ್ನೆಯ ಪೇಪರು ಬಂದು, ಅಲ್ಲಿಂದ ಯಾರದೋ ಚಕ್ಕಡಿ ಹತ್ತಿ ನಮ್ಮ ಊರು ಮುಟ್ಟುವ ಹೊತ್ತಿಗೆ ಮೊನ್ನೆಯದಾಗಿರುತ್ತಿತ್ತು. ಆ ಹಳಸಿದ ಸುದ್ದಿಯಲ್ಲೇ ಈ ಪುಣ್ಯಾತ್ಮ ನಾಲ್ಕನೇ ಇಯತ್ತೆಗೆ ಲೋಕ ತೋರಿಸುತ್ತಿದ್ದ. ನಾನು ಹೆಡ್‌ಮಾಸ್ತರ. ನನಗಿದು ಸುತಾರಾಂ ಸೇರುತ್ತಿರಲಿಲ್ಲ. ನದಿ, ಪರ್ವತ, ಬೆಳೆ ಬಾಯಿಪಾಠ ಮಾಡಿಸಿದರೆ ಭೂಗೋಳ ಮುಗಿಯಿತು, ಇನ್ನೇನಿದೆ ಅದರಲ್ಲಿ?

ಸ್ವಾತಂತ್ರ್ಯ ಬಂದ ಮರುವರ್ಷದ ಶ್ರಾವಣ ಅದು. ನಮ್ಮ ಊರು ಮುಂಬಯಿ ಪ್ರಾಂತದ್ದು, ಎರಡು ಮೈಲಿ ಮೂಡಲಿಗೆ ನಿಜಾಮ ಸರಕಾರದ ಸೀಮೆ. ಅವರು ಹಿಂದುಸ್ತಾನಕ್ಕೆ ಸೇರಲೊಲ್ಲೆವೆಂದು ಕೂತಿದ್ದರು. ದಾರಿಯ ನಾಕಾದಲ್ಲಿ ಈ ಕಡೆ ನಮ್ಮ ಪೊಲೀಸರು ಉಪ್ಪು, ಚಿಮಣಿ ಎಣ್ಣೆ ಆಚೆ ಹೋಗದಂತೆ ತಡೆದರೆ, ಆ ಕಡೆ ರಜಾಕಾರರು ಮಂದಿ ಈಚೆ ಬರದಂತೆ ಕಾಯುತ್ತಿದ್ದರು.

ಶಾಲೆಗೆ ನೀರು ತುಂಬುವ ಕಳಕವ್ವ ತನ್ನ ಹಿರಿಯ ಮಗಳು ಫಕ್ಕೀರವ್ವನನ್ನು ಆಚೆಯ ಹಳ್ಳಿಗೆ ಕೊಟ್ಟಿದ್ದಳು. ಅವಳಿಗೀಗ ದಿನ ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ, ತವರಿಗೆ ಕರೆತರಲೇಬೇಕು. ಅಲ್ಲಿ ಅತ್ತೆ ಇಲ್ಲ, ಇದ್ದ ಒಬ್ಬ ಸೂಲಗಿತ್ತಿಯೂ ಊರು ಬಿಟ್ಟು ಓಡಿದ್ದಳು. ಕಳಕವ್ವ ಎರಡು ಸಲ ನಾಕಾಕ್ಕೆ ಹೋಗಿ ಅಳುತ್ತ ಮರಳಿದ್ದಳು.

ಆ ದಿನ ಅಂದಾನಪ್ಪ ಕರಿಹಲಗೆಯ ಮೇಲೆ ಬರ್ಲಿನ್ ಶಹರ ಬರೆದಿದ್ದ.

"ನಮ್ಮ ಶಿರಹಟ್ಟಿ ಮೊನ್ನಿ ಬ್ಯಾಸಿಗಿತನಾ ಸಾಂಗಲಿ ರಾಜರದ್ದಿತ್ತು. ಸುತ್ತೂ ಕಡಿ ಮುಂಬಯಿ ಪ್ರಾಂತ. ಬರ್ಲಿನ್ನೂ ಹಂಗ ನೋಡ್ರಿ, ಮತ್ತೊಬ್ಬರ ಸೀಮಿ ನಡುವ ಸಿಕ್ಕೊಂಡೈತಿ. ಆ ಕೆಟ್ಟವರು ದಾರಿ ಎಲ್ಲಾ ಬಂದ್ ಮಾಡ್ಯಾರ. ಅದಕ್ಕ ಬರ್ಲಿನ್ ಕಡಿಯವರು ಹಿಟ್ಟು, ಇದ್ದಲಿ, ಉಪ್ಪು ಎಲ್ಲಾ ವಿಮಾನದಾಗ ತಂದು ಇಳಸಾಕ ಹತ್ಯಾರ."

ಬಾಗಿಲಲ್ಲಿ ಕೊಡ ಇಳಿಸಿದ ಸಪ್ಪಳ ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು.

"ಮಾಸ್ತರ್ರ, ಆ ಇಮಾನ ನಮ್ಮ ಫಕ್ಕೀರಿ ಊರಿಗೂ ಬರ್ತಾವೇನ್ರಿ?" ಅಂದಳು ಕಳಕವ್ವ.

ಮಕ್ಕಳು ಹೋ ಎಂದು ನಕ್ಕರು. ಅವಳ ಕಿರಿಯ ಮಗಳು ಮಂಜವ್ವ ಅದೇ ವರ್ಗದಲ್ಲಿದ್ದಳು. ಅವಳಿಗೆ ಸಿಟ್ಟು ಬಂತು.

"ಗುರುಗಳ, ಅಲ್ಲಿ ಉಪ್ಪು ತಡದವರು ಕೆಟ್ಟವರು ಅಂದ್ರಿ. ನಮ್ಮಕ್ಕನ ಊರಿಗೆ ಉಪ್ಪು ತಡಿಯೋರು ಯಾರ್ರಿ?"

ಅಂದಾನಪ್ಪ, "ನಮ್ಮವರ ಅದಾರವಾ," ಎಂದ.

ನಾಕಾದ ಪೊಲೀಸರ ಮಕ್ಕಳೂ ಅದೇ ವರ್ಗದಲ್ಲಿ ಕೂತಿದ್ದವು! ಶಾಲೆ ಬಿಟ್ಟ ಮೇಲೆ ಅವನನ್ನು ಹಿಡಿದು ಜಾಡಿಸಿದೆ.

"ನಿನಗ ತಲಿ ನೆಟ್ಟಗ ಐತೇನಲೇ? ನೌಕರಿ ಕಳಕೋತಿ, ನನ್ನದೂ ಕಳೀತಿ. ನಾಳಿಯಿಂದ ಪೇಪರ್ ಬಂದ್. ಪಠ್ಯಕ್ರಮದಾಗ ಊರ ನಕಾಶಿ ಅಂತ ಐತಿ, ಅದನ್ನ ಮಾಡಸು."

"ಆತ್ರಿ," ಎಂದ.

ಮರುದಿನ ಅಂಗಳದ ಮಣ್ಣಿನಲ್ಲಿ ಊರ ನಕಾಶೆ ಶುರುವಾಯಿತು. ನಾನೇ ಖುರ್ಚಿ ಹಾಕಿಸಿಕೊಂಡು ಕೂತೆ. ಮಕ್ಕಳು ಹಳ್ಳ ಕೊರೆದರು, ಯಾರ್ಯಾರ ಹೊಲ ಎಲ್ಲೆಲ್ಲಿ ಎಂದು ಕಿರುಚಾಡಿದರು. ಸುತ್ತ ಊರ ಹದ್ದಿನ ಗಡಿಕಲ್ಲುಗಳಿಗೆ ಒಂದೊಂದು ಹರಳು ಇಟ್ಟರು. ಮೂಡಲ ದಿಕ್ಕಿನಲ್ಲಿ ಒಂದು ಹರಳು ಕಡಿಮೆ ಬಿತ್ತು.

"ಅಲ್ಲಿ ಕಲ್ಲು ಗಾಳೆಪ್ಪ ಮಾಮಾನ ಹೊಲದ ನಟ್ಟನಡುವ ಐತ್ರಿ," ಎಂದಳು ಮಂಜವ್ವ. ಗಾಳೆಪ್ಪ ಫಕ್ಕೀರವ್ವನ ಗಂಡ. "ಮಾಮಾ ಅದಕ್ಕ ಕಳೆ ತಗಿಯೋ ಕುರ್ಪಿ ಮಸೀತಾನ್ರಿ."

"ಅಂದ್ರ ಹೊಲದ ಪಡುವಲ ತುದಿ ಯಾರ ಸೀಮ್ಯಾಗ ಬಂತು?" ಅಂದಾನಪ್ಪ ಕೇಳಿದ.

"ನಮ್ಮ ಸೀಮ್ಯಾಗ್ರಿ."

ಆ ಕಲ್ಲು ಊರಿಗೆಲ್ಲ ಗೊತ್ತಿತ್ತು. ಆದರೆ ಎರಡು ಸರಕಾರಗಳ ಗಡಿ ಎಂದರೆ ನಮಗೆಲ್ಲ ದಾರಿಯ ಮೇಲಿನ ನಾಕಾ. ಹೊಲದೊಳಗಿನದು ಕುರ್ಪಿ ಮಸೆಯುವ ಕಲ್ಲು, ಅಷ್ಟೇ. ಕಳಕವ್ವ ತುಂಬಿದ ಕೊಡವನ್ನು ಹಾಗೇ ಬಿಟ್ಟು ಹೊಲದ ಹಾದಿ ಹಿಡಿದಳು.

ಮೂರನೆಯ ದಿನ ಶಾಲೆಗೆ ಬಂದರೆ ನಾಲ್ಕನೇ ಇಯತ್ತೆ ಖಾಲಿ! ನಕಾಶೆ ತಾಳೆ ನೋಡಲು ಮಾಸ್ತರ ಮಕ್ಕಳನ್ನು ಹೊಲಕ್ಕೆ ಕರೆದೊಯ್ದಿದ್ದಾನಂತೆ. ಧೋತರ ಎತ್ತಿ ಕಟ್ಟಿಕೊಂಡು, ಬಾಯಿಗೆ ಬಂದದ್ದು ಬೈಯುತ್ತ ಹೋದೆ.

ಗಾಳೆಪ್ಪನ ಶೇಂಗಾ ಹೊಲದ ಪಡುವಲ ಬದುವಿನ ಮೇಲೆ ಮಕ್ಕಳೆಲ್ಲ ಸಾಲಾಗಿ ಕೂತಿದ್ದರು, ಪಕ್ಕದಲ್ಲಿ ಬುತ್ತಿ ಗಂಟು ಹಿಡಿದ ಕಳಕವ್ವ. ಅತ್ತ ಮೂಡಲ ತುದಿಯಿಂದ ಗಂಡ ಹೆಂಡತಿ ಕುಕ್ಕರಗಾಲಿನಲ್ಲಿ ಕಳೆ ತೆಗೆಯುತ್ತ ಬರುತ್ತಿದ್ದರು. ದೂರದ ದಾರಿಯಲ್ಲಿ ಇಬ್ಬರು ರಜಾಕಾರರು ಬಂದೂಕು ಹಿಡಿದು ಇತ್ತಲೇ ನೋಡುತ್ತಿದ್ದರು. ಕಳೆ ತೆಗೆಯುವ ಬಸುರಿಯಲ್ಲಿ ನೋಡುವಂಥದ್ದೇನಿದೆ? ಕಲ್ಲಿನ ಹತ್ತಿರ ಗಾಳೆಪ್ಪ ಕುರ್ಪಿ ಮಸೆಯಲು ಕೂತ. ಫಕ್ಕೀರವ್ವ ಮಾತ್ರ ತಲೆ ಎತ್ತದೆ ಸಾಲು ಹಿಡಿದು ಬಂದಳು. ನಾನು ಬೈಯುವುದನ್ನು ಬಿಟ್ಟು ಮಕ್ಕಳ ಪಕ್ಕದಲ್ಲಿ ಕೂತೆ.

ಬದು ಮುಟ್ಟಿದವಳೇ ಅವ್ವನನ್ನು ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಮಣ್ಣಿನ ಕೈ ಚಾಚಿ, "ಯವ್ವಾ, ಉಪ್ಪು ತಂದೀಯೇನ?" ಎಂದಳು.

ಕಳಕವ್ವ ಬುತ್ತಿ ಗಂಟು ಬಿಚ್ಚಿ ಒಂದು ಹಿಡಿ ಕೊಟ್ಟಳು. ಮಗಳು ಒಂದು ಹರಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚೀಪಿದಳು. ಉಳಿದದ್ದನ್ನು ಮಂಜವ್ವ ಎಲೆಯಲ್ಲಿ ಸುತ್ತಿ, ಬಗ್ಗಿಕೊಂಡು ಹೋಗಿ ಕಲ್ಲಿನ ಮೇಲಿಟ್ಟು ಬಂದಳು. ಉಪ್ಪು ಗಡಿ ದಾಟುವುದು ಸರಕಾರದ ಲೆಕ್ಕದಲ್ಲಿ ಅಪರಾಧ. ನಾನು ಆಗ ಪಡುವಲಿಗೆ ಮುಖ ಮಾಡಿ ಮಕ್ಕಳ ಹಾಜರಿ ಕೂಗುತ್ತಿದ್ದೆ.

ಫಕ್ಕೀರವ್ವ ಚೌತಿಗೆ ಮೊದಲೇ ಹೆಣ್ಣು ಹಡೆದಳು. ಅಂದಾನಪ್ಪ ಮತ್ತೆ ಪೇಪರು ತಂದ. ನಾನು ಏನೂ ಅನ್ನಲಿಲ್ಲ, ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಬರ್ಲಿನ್ನಿಗೆ ಇನ್ನೂ ವಿಮಾನದಲ್ಲೇ ಉಪ್ಪು ಬರುತ್ತಿತ್ತು. ಮಂಜವ್ವ ಎದ್ದು ನಿಂತಳು.

"ಗುರುಗಳ, ಬರ್ಲಿನ್ ಮಂದಿಗೆ ಹೊಲ ಇಲ್ಲೇನ್ರಿ?"

ಅಂದಾನಪ್ಪ ತಿರುಗಿ ನನ್ನ ಮುಖ ನೋಡಿದ. ಹೆಡ್‌ಮಾಸ್ತರ ಅಂದ ಮೇಲೆ ಉತ್ತರ ಕೊಡಲೇಬೇಕಲ್ಲ.

"ಇರಲಿಕ್ಕಿಲ್ಲವಾ," ಎಂದೆ.

"ಪಾಪ," ಎಂದು ಅವಳು ಕೂತಳು.